ಎಸಿಯ ಕಂಡೆನ್ಸೇಟ್ ಪಂಪ್ ಉಕ್ಕಿ ಹರಿದರೆ: ದೋಷ ಹುಡುಕುವ ಬಗೆ

ಎಸಿ ಗಾಳಿಯನ್ನು ತಣ್ಣಗಾಗಿಸುವಾಗ ಇಳಿಯುವ ನೀರು ತಾನಾಗಿ ಹೊರಗೆ ಹರಿಯಲಾಗದ ಕಡೆ ಅದನ್ನು ಎತ್ತಿ ಹೊರಹಾಕುವ ಪುಟ್ಟ ಪಂಪೇ ಕಂಡೆನ್ಸೇಟ್ ಪಂಪ್. ಅದು ಉಕ್ಕಿ ನೆಲದ ಮೇಲೆ ನೀರು ಕಂಡೊಡನೆ ಹೆಚ್ಚಿನವರು ಎರಡು ಕೆಲಸ ಮಾಡುತ್ತಾರೆ. ಪಂಪಿನ ಟ್ಯಾಂಕಿನಲ್ಲಿರುವ ನೀರನ್ನು ಚೆಲ್ಲುತ್ತಾರೆ, ಹೊಸ ಪಂಪಿಗೆ ಹೇಳಿ ಕಳಿಸುತ್ತಾರೆ. ಎರಡೂ ಅವಸರದ ಕೆಲಸ. ಚೆಲ್ಲಿದ ನೀರಿನ ಜೊತೆಗೆ ದೋಷ ಎಲ್ಲಿದೆ ಎಂಬ ಸುಳಿವೂ ಹೋಗಿಬಿಡುತ್ತದೆ. ಪಂಪಿನ ವಿಷಯಕ್ಕೆ ಬಂದರೆ, ಮೋಟರ್ ಸುಟ್ಟು ನಿಲ್ಲುವುದಕ್ಕಿಂತ ಲೋಳೆ ಕಟ್ಟಿಕೊಂಡು ನಿಲ್ಲುವುದೇ ಹೆಚ್ಚು. ಲೋಳೆಯನ್ನು ಹಳೆಯ ಟೂತ್‌ಬ್ರಷ್ಷಿನಿಂದ ತೆಗೆಯಬಹುದು.

ಮೊದಲು ಎಸಿ ಆರಿಸಿ, ಆಮೇಲೆ ಬೋರ್ಡಿನಲ್ಲಿ ಅದರ ಎಂಸಿಬಿಯನ್ನೂ (ಕರೆಂಟು ಕಡಿಯುವ ಸ್ವಿಚ್) ಪಂಪಿನ ಸಾಕೆಟ್ಟಿಗೆ ಕರೆಂಟು ಕೊಡುವ ಎಂಸಿಬಿಯನ್ನೂ ಇಳಿಸಿ. ನೀರು ಪ್ಲಗ್ಗಿನವರೆಗೆ ಹರಿದಿದ್ದರೆ ಪ್ಲಗ್ಗನ್ನು ಕೈಯಿಂದ ಎಳೆಯಲು ಹೋಗಬೇಡಿ. ಮೊದಲು ಬೋರ್ಡಿನಲ್ಲೇ ಕರೆಂಟು ಕಡಿಯಬೇಕು. ಎಸಿ ನಿಂತ ಮೇಲೂ ಗಾಳಿಯನ್ನು ತಣ್ಣಗಾಗಿಸುವ ಕಾಯಿಲ್ ಮೇಲಿದ್ದ ನೀರು ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಒಂದು ಬಕೆಟ್ಟನ್ನೂ ಒಂದೆರಡು ಹಳೆಯ ಟವೆಲ್ಲುಗಳನ್ನೂ ಹತ್ತಿರ ಇಟ್ಟುಕೊಳ್ಳಿ.

ಟ್ಯಾಂಕಿನ ನೀರಿನ ಮಟ್ಟ ಏನು ಹೇಳುತ್ತದೆ

ಪಂಪನ್ನು ಅಲುಗಾಡಿಸದೆ ಟಾರ್ಚ್ ಹಿಡಿದು ಒಳಗೆ ನೋಡಿ. ನೀರು ಅಂಚಿನವರೆಗೆ ತುಂಬಿದ್ದರೆ ದೋಷ ಪಂಪಿನಲ್ಲೋ ಅದರಿಂದ ಹೊರಗೆ ಹೋಗುವ ಪೈಪಿನಲ್ಲೋ ಇದೆ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಿದ್ದೂ ನೆಲ ಒದ್ದೆಯಾಗಿದ್ದರೆ ಪಂಪ್ ತನ್ನ ಪಾಲಿನ ಕೆಲಸ ಮಾಡಿದೆ, ನೀರು ಬೇರೆಲ್ಲೋ ಸೋರುತ್ತಿದೆ ಎಂದರ್ಥ. ಇದಕ್ಕೆ ಒಂದು ಅಪವಾದ ಉಂಟು. ಕೆಲವೊಮ್ಮೆ ಫ್ಲೋಟ್ (ನೀರಿನ ಜೊತೆ ಏರಿ ಪಂಪಿನ ಸ್ವಿಚ್ ಹಾಕುವ ತೇಲುಬುರುಡೆ) ಸಿಕ್ಕಿಕೊಂಡು ನೀರು ಉಕ್ಕಿ, ಆಮೇಲೆ ತಾನಾಗಿ ಬಿಡಿಸಿಕೊಂಡು ಪಂಪ್ ಓಡಿರುತ್ತದೆ. ಮುಚ್ಚಳದ ಒಳಭಾಗ ಒದ್ದೆಯಾಗಿದ್ದರೆ, ಅಂಚಿನ ಹತ್ತಿರ ಹೊಸ ಕೊಳೆಗೆರೆ ಕಂಡರೆ ಹಾಗೇ ಆಗಿದೆ.

ಇನ್ನೂ ಅನುಮಾನವಿದ್ದರೆ ಟ್ಯಾಂಕಿನ ನೀರಿಗೆ ತಿನಿಸುಗಳಿಗೆ ಹಾಕುವ ಬಣ್ಣದ ನಾಲ್ಕು ಹನಿ ಬಿಟ್ಟು, ನೆಲ ಒರೆಸಿ, ಕೆಳಗೆ ಬಿಳಿ ಕಾಗದ ಹಾಸಿ. ಕಾಗದದ ಮೇಲೆ ಬಣ್ಣದ ನೀರು ಬಿದ್ದರೆ ಅದು ಟ್ಯಾಂಕಿನದು. ತಿಳಿನೀರು ಬಿದ್ದರೆ ಅದು ಟ್ಯಾಂಕಿಗೆ ಬರುವ ಮೊದಲೇ ಸೋರಿದ್ದು.

ಪಂಪಿನ ತಪ್ಪಲ್ಲದ ಸೋರಿಕೆಗಳನ್ನು ಮೊದಲೇ ಮುಗಿಸಿಬಿಡೋಣ. ಕಾಯಿಲ್ ಕೆಳಗಿನ ಡ್ರೈನ್ ಟ್ರೇಯ ಬಾಯಿ ಕಟ್ಟಿದ್ದರೆ ನೀರು ಟ್ರೇಯ ಅಂಚಿನಿಂದಲೇ ಇಳಿಯುತ್ತದೆ. ಟ್ರೇಯಿಂದ ಬರುವ ಪೈಪಿನ ತುದಿ ಟ್ಯಾಂಕಿನ ತಳದವರೆಗೆ ಇಳಿದು ನೀರಿನಲ್ಲಿ ಮುಳುಗಿದ್ದರೂ ತೊಂದರೆಯೇ. ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ನೀರು ಗುಳುಗುಳು ಎಂದು ತಡೆದು ನಿಲ್ಲುತ್ತದೆ. ಆ ತುದಿ ಟ್ಯಾಂಕಿನ ಅತಿ ಹೆಚ್ಚಿನ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು. 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಇನ್ನೂ ಒಳ್ಳೆಯದು. ಟ್ಯಾಂಕ್ ಒಂದು ಕಡೆಗೆ ವಾಲಿದ್ದರೆ ಫ್ಲೋಟ್ ಏಳುವ ಮೊದಲೇ ತಗ್ಗಿದ ಮೂಲೆಯಿಂದ ನೀರು ಹೊರಬೀಳುತ್ತದೆ. ಮಟ್ಟಗೋಲು ಇಟ್ಟು ನೋಡಿ.

ಎಸಿ ಆರಿಸಿದ ಮೇಲೆ ಮಾತ್ರ ನೀರು ಉಕ್ಕುತ್ತದೆಯೇ? ಹಾಗಿದ್ದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿರಬಹುದು. ಫಿಲ್ಟರ್ ಕೊಳೆಯಾಗಿ ಗಾಳಿ ಓಡದಿದ್ದರೆ ಅಥವಾ ಗ್ಯಾಸ್ ಕಡಿಮೆಯಾಗಿದ್ದರೆ ಹಾಗಾಗುತ್ತದೆ. ಎಸಿ ನಿಂತಾಗ ಆ ಗಡ್ಡೆಯೆಲ್ಲ ಒಂದೇ ಸಲ ಕರಗಿ, ಕೆಲವು ಕಡೆ ಟ್ರೇಯನ್ನೂ ತಪ್ಪಿಸಿ ಇಳಿಯುತ್ತದೆ. ಫಿಲ್ಟರ್ ತೊಳೆದು ನೋಡಿ. ಆಮೇಲೂ ಗಡ್ಡೆ ಕಟ್ಟಿದರೆ ಗ್ಯಾಸಿನ ಒತ್ತಡ ಅಳೆಯುವವರನ್ನು ಕರೆಸಬೇಕು. ಡಕ್ಟ್ ಇರುವ ಎಸಿಗಳಲ್ಲಿ ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇರುತ್ತದೆ. ಫ್ಯಾನ್ ಕಾಯಿಲ್‌ನ ಆಚೆ ಕೂತು ಗಾಳಿ ಎಳೆಯುವ ಜೋಡಣೆಯಾದರೆ, ಡ್ರೈನ್ ಪೈಪಿನಲ್ಲಿ ನೀರು ತುಂಬಿದ ಟ್ರ್ಯಾಪ್ (ಗಾಳಿ ತಡೆಯುವ ಯು ಆಕಾರದ ಬಾಗು) ಬೇಕೇ ಬೇಕು. ಅದಿಲ್ಲದಿದ್ದರೆ ಫ್ಯಾನ್ ಪೈಪಿನಿಂದಲೇ ಗಾಳಿ ಹೀರಿ ನೀರನ್ನು ಟ್ರೇಯಲ್ಲೇ ತಡೆದಿಟ್ಟು, ತಾನು ನಿಂತೊಡನೆ ಎಲ್ಲವನ್ನೂ ಒಟ್ಟಿಗೆ ಪಂಪಿನ ಮೇಲೆ ಸುರಿಯುತ್ತದೆ.

ಎಷ್ಟು ನೀರು ಬರುತ್ತದೆ, ಪಂಪ್ ಎಷ್ಟು ಎತ್ತುತ್ತದೆ

ಈ ಲೆಕ್ಕ ತಿಳಿದಿದ್ದರೆ ‘ಪಂಪ್ ಚಿಕ್ಕದಾಯಿತು’ ಎಂಬ ಮಾತಿಗೆ ಸುಮ್ಮನೆ ತಲೆಯಾಡಿಸಬೇಕಾಗುವುದಿಲ್ಲ. 1 ಟನ್ ಎಸಿ ಎಂದರೆ ಸುಮಾರು 3.5 ಕಿಲೋವ್ಯಾಟ್ ತಂಪು. ತೇವ ಹೆಚ್ಚಿರುವ ದಿನ ಅದರಲ್ಲಿ ಶೇಕಡ 30ರಷ್ಟು ಗಾಳಿಯ ಆವಿಯನ್ನು ನೀರು ಮಾಡುವುದಕ್ಕೇ ಖರ್ಚಾಯಿತು ಎಂದುಕೊಂಡರೆ ಗಂಟೆಗೆ ಒಂದೂವರೆ ಲೀಟರ್ ನೀರು. 1.5 ಟನ್ನಿಗೆ ಎರಡೂಕಾಲು ಲೀಟರ್, 3 ಟನ್ನಿಗೆ ನಾಲ್ಕೂವರೆ ಲೀಟರ್.

ಟ್ಯಾಂಕ್ ಇರುವ ಪಂಪಿನ ಡಬ್ಬಿ ಸಾಮಾನ್ಯವಾಗಿ 2 ಲೀಟರಿನ ಆಸುಪಾಸು. ಅದು ಸುಸ್ಥಿತಿಯಲ್ಲಿದ್ದರೆ ಒಂದೆರಡು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡುತ್ತದೆ. ಅಳೆಯಬೇಕೆಂದರೆ ಕರೆಂಟು ಕೊಟ್ಟು, ಪಂಪ್ ಓಡುವಾಗ ಹೊರಗಿನ ತುದಿಯಲ್ಲಿ ಅಳತೆಯ ಪಾತ್ರೆ ಹಿಡಿದು 1 ಲೀಟರ್ ತುಂಬಲು ಹಿಡಿಯುವ ಸಮಯ ನೋಡಿ. 30 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 120 ಲೀಟರ್. ಮನೆಯ ಎಸಿಗೆ ಇದು ಧಾರಾಳ. ಅಂದರೆ ಟ್ಯಾಂಕ್ ಪಂಪ್ ಓಡುತ್ತಿದ್ದೂ ಉಕ್ಕುತ್ತಿದ್ದರೆ ಅದು ಗಾತ್ರದ ಸಮಸ್ಯೆಯಲ್ಲ, ಎಲ್ಲೋ ಅಡ್ಡಿಯಿದೆ.

ತುಂಬಿದ ಟ್ಯಾಂಕ್: ಕಿವಿಗೊಟ್ಟು ಕೇಳಿ

ಪಂಪಿನ ಪ್ಲಗ್ಗೂ ಸುತ್ತಲಿನ ನೆಲವೂ ಒಣಗಿದ ಮೇಲೆ ಪಂಪಿಗೆ ಮಾತ್ರ ಕರೆಂಟು ಕೊಡಿ, ಎಸಿ ಆರಿಯೇ ಇರಲಿ. ಟ್ಯಾಂಕ್ ತುಂಬಿರುವುದರಿಂದ ಪಂಪ್ ತಕ್ಷಣ ಓಡಬೇಕು.

ಸದ್ದೇ ಇಲ್ಲದಿದ್ದರೆ ಅದೇ ಸಾಕೆಟ್ಟಿಗೆ ಬೇರೆ ದೀಪವನ್ನೋ ಚಾರ್ಜರನ್ನೋ ಹಾಕಿ ಕರೆಂಟು ಇದೆಯೇ ನೋಡಿ. ಇಷ್ಟು ಸಣ್ಣ ಪರೀಕ್ಷೆಯನ್ನು ಬಿಟ್ಟು ಪಂಪ್ ಬಿಚ್ಚಲು ಕೂರುವವರೇ ಹೆಚ್ಚು. ಆ ಸಾಕೆಟ್ಟಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಬಿದ್ದಿದ್ದರೆ ಒಮ್ಮೆ ಎತ್ತಿ ನೋಡಬಹುದು. ಪಂಪ್ ಸಿಕ್ಕಿಸಿದಾಗಲೆಲ್ಲ ಬೀಳುತ್ತಿದ್ದರೆ ಮೋಟರಿನಲ್ಲಿ ಕರೆಂಟು ಸೋರುತ್ತಿದೆ. ಆ ಪಂಪನ್ನು ತೆಗೆದಿಡಿ, ಮತ್ತೆ ಮತ್ತೆ ಎತ್ತಬೇಡಿ.

ಸಾಕೆಟ್ಟಿನಲ್ಲಿ ಕರೆಂಟಿದ್ದರೆ ಮುಂದಿನ ಅನುಮಾನ ಫ್ಲೋಟ್ ಮೇಲೆ. ಪ್ಲಗ್ ಕಿತ್ತು, ಮೋಟರ್ ಕೂತಿರುವ ಮುಚ್ಚಳವನ್ನು ಕ್ಲಿಪ್ ಒತ್ತಿ ಎತ್ತಿ. ಅದರ ಕೆಳಗೆ ಫ್ಲೋಟ್ ತೂಗಾಡುತ್ತಿರುತ್ತದೆ. ಬೆರಳಿನಿಂದ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ: ಎಲ್ಲೂ ಹಿಡಿಯದೆ ಸರಾಗವಾಗಿ ಹೋಗಿಬರಬೇಕು, ಒಂದು ಎತ್ತರದಲ್ಲಿ ಸ್ವಿಚ್ಚಿನ ‘ಟಿಕ್’ ಸದ್ದು ಕೇಳಬೇಕು. ಈ ಸದ್ದಿಗೆ ಕರೆಂಟು ಬೇಕಿಲ್ಲ. ಫ್ಲೋಟ್ ಅಂಟಿಕೊಂಡಿದ್ದರೆ ಅದರ ಕೀಲಿನಲ್ಲಿ, ಡಬ್ಬಿಯ ಗೋಡೆಗೆ ತಾಗುವಲ್ಲಿ ಲೋಳೆ ಕಟ್ಟಿರುತ್ತದೆ. ಸೋಪಿನ ಬಿಸಿನೀರಿನಲ್ಲಿ ಬ್ರಷ್ ಅದ್ದಿ ಉಜ್ಜಿ. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿ. ಒಳಗೆ ನೀರು ಕುಲುಕಿದರೆ ಅದು ಒಡೆದಿದೆ, ಇನ್ನು ತೇಲುವುದಿಲ್ಲ. ಫ್ಲೋಟ್ ಸರಾಗವಿದ್ದು, ಸ್ವಿಚ್ಚೂ ‘ಟಿಕ್’ ಎಂದು, ಕರೆಂಟೂ ಇದ್ದು ಮೋಟರ್ ಮಾತ್ರ ಸುಮ್ಮನಿದ್ದರೆ, ಮುಟ್ಟಿದರೆ ಬಿಸಿಯಿದೆಯೇ ನೋಡಿ. ಬಿಸಿಯಿದ್ದರೆ ಅತಿ ಬಿಸಿಯಾದಾಗ ಕರೆಂಟು ಕಡಿಯುವ ಒಳಗಿನ ಥರ್ಮಲ್ ಕಟ್‌ಔಟ್ ಬಿದ್ದಿರಬಹುದು. ಪ್ಲಗ್ ತೆಗೆದು ಅರ್ಧ ಗಂಟೆ ಆರಲು ಬಿಟ್ಟು ಮತ್ತೆ ಪರೀಕ್ಷಿಸಿ. ತಣ್ಣಗಿದ್ದೂ ಓಡದಿದ್ದರೆ ಮೋಟರಿನ ಸುತ್ತು ತುಂಡಾಗಿದೆ ಅಥವಾ ಸ್ವಿಚ್ ಒಳಗೇ ಸುಟ್ಟಿದೆ. ಪಂಪ್ ಬದಲಿಸುವುದೇ ಸರಿ.

‘ಗುಂಯ್’ ಎನ್ನುತ್ತದೆ, ಆದರೆ ತಿರುಗುತ್ತಿಲ್ಲ ಎಂದಾದರೆ ನೀರು ತಳ್ಳುವ ಇಂಪೆಲ್ಲರ್ ಸಿಕ್ಕಿಕೊಂಡಿದೆ. ತಕ್ಷಣ ಪ್ಲಗ್ ಕೀಳಿ. ಹಾಗೆಯೇ ಬಿಟ್ಟರೆ ಮೋಟರ್ ಕಾಯುತ್ತದೆ. ಮುಚ್ಚಳವನ್ನು ತಲೆಕೆಳಗು ಮಾಡಿದರೆ ತಳದಲ್ಲಿ ಕ್ಲಿಪ್ಪಿನಿಂದಲೋ ಎರಡು ಮೂರು ಸ್ಕ್ರೂಗಳಿಂದಲೋ ಹಿಡಿದಿರುವ ಸಣ್ಣ ತಟ್ಟೆ ಕಾಣುತ್ತದೆ. ಅದನ್ನು ತೆಗೆದರೆ ಚಕ್ರದಂಥ ಇಂಪೆಲ್ಲರ್. ಕೂದಲು, ಪ್ಲಾಸ್ಟಿಕ್ಕಿನ ಚೂರು, ಪೈಪ್ ಕತ್ತರಿಸುವಾಗ ಬಿದ್ದ ಪಿವಿಸಿ ಪುಡಿ, ಹೀಗೆ ಏನಾದರೂ ಸಿಕ್ಕಿರುತ್ತದೆ. ಹೊಸದಾಗಿ ಪೈಪ್ ಹಾಕಿಸಿದ ಕೆಲವೇ ದಿನಗಳಲ್ಲಿ ಪಂಪ್ ನಿಂತರೆ ಮೊದಲು ಆ ಪುಡಿಯನ್ನೇ ಹುಡುಕಿ. ಬೆರಳಿನಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ನೀರು ಎಳೆಯುವ ತೂತನ್ನೂ ಹಲ್ಲುಕಡ್ಡಿಯಿಂದ ಬಿಡಿಸಿ. ತೊಳೆಯುವಾಗ ಮೋಟರಿಗೆ ನೀರು ತಾಗದಿರಲಿ.

ಪಂಪ್ ಓಡುತ್ತದೆ, ನೀರು ಇಳಿಯುವುದಿಲ್ಲ

ಜನ ಹೆಚ್ಚು ಮೋಸಹೋಗುವುದು ಇಲ್ಲಿ. ಮೋಟರಿನ ಸದ್ದು ಎಂದಿನಂತೆಯೇ ಇದೆ, ಹೊರಗೆ ಒಂದು ಹನಿಯೂ ಇಲ್ಲ. ‘ಪಂಪಿಗೆ ಶಕ್ತಿ ಸಾಲದು’ ಎಂದು ಬದಲಿಸುತ್ತಾರೆ. ಹಳೆಯ ಪೈಪೇ ಉಳಿದಿದ್ದರೆ ಹೊಸ ಪಂಪೂ ಹಾಗೆಯೇ ಉಕ್ಕುತ್ತದೆ.

ಟ್ಯಾಂಕಿನಿಂದ ನೀರು ಹೊರಡುವ ಮೂತಿಯಲ್ಲಿ ಚೆಕ್ ವಾಲ್ವ್ ಎಂಬ ಹೆಬ್ಬೆರಳ ಗಾತ್ರದ ತುಂಡು ಇರುತ್ತದೆ. ಪಂಪ್ ನಿಂತಾಗ ಪೈಪಿನಲ್ಲಿ ಮೇಲೇರಿದ್ದ ನೀರು ವಾಪಸು ಟ್ಯಾಂಕಿಗೆ ಬೀಳದಂತೆ ತಡೆಯುವುದು ಅದರ ಕೆಲಸ. ಒಳಗೆ ಒಂದು ಗುಂಡೋ, ಸ್ಪ್ರಿಂಗ್ ಇರುವ ಮುಚ್ಚಿಗೆಯೋ, ರಬ್ಬರಿನ ಎಲೆಯೋ ಇರುತ್ತದೆ. ಲೋಳೆಯಿಂದ ಅದು ಮುಚ್ಚಿದ ಹಾಗೇ ಅಂಟಿಕೊಂಡರೆ ಪಂಪ್ ಎಷ್ಟು ಓಡಿದರೂ ನೀರು ದಾಟುವುದಿಲ್ಲ. ತಿಂಗಳುಗಟ್ಟಲೆ ಎಸಿ ಬಳಸದೆ ಲೋಳೆ ಒಣಗಿದ ಮೇಲೆ, ಸೆಕೆ ಶುರುವಾದ ಮೊದಲ ದಿನವೇ ಉಕ್ಕಿದರೆ ಮೊದಲು ಇದನ್ನೇ ನೋಡಿ.

ಬಿಚ್ಚುವ ಮುನ್ನ ಒಂದು ಎಚ್ಚರ. ಪೈಪಿನಲ್ಲಿ ನಿಂತ ನೀರೆಲ್ಲ ನಿಮ್ಮ ಮೇಲೆ ಇಳಿಯುತ್ತದೆ. ಒಳ ಅಳತೆ 10 ಮಿಲಿಮೀಟರ್ ಇರುವ ಪೈಪು 5 ಮೀಟರ್ ಏರಿದ್ದರೆ ಸುಮಾರು 400 ಮಿಲಿಲೀಟರ್ ನೀರು. ಮಗ್ ಹಿಡಿದೇ ಬಿಚ್ಚಿ. ವಾಲ್ವನ್ನು ಕೈಯಿಂದ ಎಡಕ್ಕೆ ತಿರುಗಿಸಿ. ಬಿಗಿಯಿದ್ದರೆ ಬಟ್ಟೆ ಸುತ್ತಿ ಸ್ಪ್ಯಾನರಿನಲ್ಲಿ ಹಗುರವಾಗಿ ತಿರುಗಿಸಿ, ಪ್ಲಾಸ್ಟಿಕ್ಕಿನ ತಿರುಪಿನ ಗೆರೆ (ಥ್ರೆಡ್) ಬೇಗ ಹಾಳಾಗುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡೂ ಕಡೆಯಿಂದ ಬ್ರಷ್ ಆಡಿಸಿ. ಆಮೇಲೆ ನಲ್ಲಿಯ ಕೆಳಗೆ ಹಿಡಿಯಿರಿ. ಪಂಪಿನ ಕಡೆಯಿಂದ ನೀರು ಸಲೀಸಾಗಿ ಹೋಗಬೇಕು, ಪೈಪಿನ ಕಡೆಯಿಂದ ಬಿಟ್ಟರೆ ನಿಲ್ಲಬೇಕು. ಬಾಯಿಂದ ಊದಿ ನೋಡಬೇಡಿ, ಒಳಗಿರುವುದು ಬ್ಯಾಕ್ಟೀರಿಯಾದ ಲೋಳೆ. ಎರಡೂ ಕಡೆಯಿಂದ ಹೋದರೆ ಅಥವಾ ಎರಡೂ ಕಡೆಯಿಂದ ನಿಂತರೆ ವಾಲ್ವ್ ಬದಲಿಸಿ. ಮತ್ತೆ ಹಾಕುವಾಗ ಓ-ರಿಂಗ್ (ರಬ್ಬರಿನ ಬಳೆ) ತನ್ನ ಜಾಗದಲ್ಲಿದೆಯೇ ನೋಡಿಕೊಂಡು ಕೈಬಿಗಿಯಷ್ಟೇ ತಿರುಗಿಸಿ. ಓ-ರಿಂಗ್ ಇರುವ ವಾಲ್ವಿಗೆ ಟೆಫ್ಲಾನ್ ಟೇಪು ಸುತ್ತುವುದು ಬೇಡ.

ವಾಲ್ವ್ ತೆರೆದುಕೊಂಡೇ ಸಿಕ್ಕಿಬಿದ್ದರೆ ಲಕ್ಷಣ ಬೇರೆ. ಪಂಪ್ ಹತ್ತು ಹದಿನೈದು ಸೆಕೆಂಡು ಓಡಿ ನಿಲ್ಲುತ್ತದೆ, ಪೈಪಿನ ನೀರು ವಾಪಸು ಬಿದ್ದು ಫ್ಲೋಟ್ ಏರುತ್ತದೆ, ಮತ್ತೆ ಓಡುತ್ತದೆ. ಎಸಿ ಆರಿದ್ದರೂ ಈ ಆಟ ನಿಲ್ಲದು. ಒಡನೆಯೇ ಉಕ್ಕದಿದ್ದರೂ ಮೋಟರ್ ಬಿಸಿಯಾಗಿ ಆಗಿ ಕೆಟ್ಟು, ಕೊನೆಗೊಂದು ದಿನ ಟ್ಯಾಂಕ್ ಉಕ್ಕುತ್ತದೆ.

ವಾಲ್ವ್ ಸರಿಯಿದ್ದರೆ ಉಳಿದದ್ದು ಪೈಪು. ಪಂಪಿನಿಂದ ಪೈಪ್ ಬಿಚ್ಚಿ, ಹೊರಗಿನ ತುದಿಯಿಂದ ನೀರು ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್ ಇಟ್ಟು, ಸಂದಿಗೆ ಒದ್ದೆ ಬಟ್ಟೆ ಸುತ್ತಿ ಎರಡು ಮೂರು ನಿಮಿಷ ಓಡಿಸಿ. ಲೋಳೆಯ ಉಂಡೆ ಬಂದು ಬೀಳುತ್ತದೆ. ಹೊರಗಿನ ಬಾಯಿಯಲ್ಲಿ ಹುಳು ಗೂಡು ಕಟ್ಟಿರುವುದೂ ಉಂಟು. ಪೈಪಿನ ದಾರಿಯನ್ನು ಉದ್ದಕ್ಕೂ ಕಣ್ಣಾಡಿಸಿ: ಗೋಡೆಯ ತೂತಿನಲ್ಲಿ, ಅಲಮಾರಿನ ಹಿಂದೆ, ಕ್ಲಾಂಪಿನ ಕೆಳಗೆ ಮಡಚಿಕೊಂಡಿರುತ್ತದೆ. ಸರಿಯಾದ ದಾರಿಯೆಂದರೆ ಪಂಪಿನಿಂದ ನೇರವಾಗಿ ಮೇಲೆ, ಅತಿ ಎತ್ತರದ ಜಾಗ ಮುಟ್ಟಿದ ಮೇಲೆ ಕೊನೆಯವರೆಗೂ ಇಳಿಜಾರು. ನಡುವೆ ಜೋತುಬಿದ್ದ ಕಡೆಯಲ್ಲೆಲ್ಲ ನೀರು ನಿಂತು ಲೋಳೆ ಬೆಳೆಯುತ್ತದೆ, ಗಾಳಿಯೂ ಸಿಕ್ಕಿಕೊಳ್ಳುತ್ತದೆ.

ಗೋಡೆ ಎಸಿಯ ಮಿನಿ ಪಂಪ್

ಸ್ಪ್ಲಿಟ್ ಎಸಿಯೊಳಗೋ ಪಕ್ಕದ ಕೇಸಿಂಗ್ ಪಟ್ಟಿಯಲ್ಲೋ ಅಡಗಿರುವ ಪಂಪಿಗೆ ದೊಡ್ಡ ಟ್ಯಾಂಕ್ ಇರುವುದಿಲ್ಲ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಡಬ್ಬಿ, ಅದರೊಳಗೆ ಆಯಸ್ಕಾಂತವಿರುವ ಫ್ಲೋಟ್, ಒಂದು ಜಾಲರಿ, ಅಲ್ಲಿಂದ ಸಣ್ಣ ಕೊಳವೆಯಲ್ಲಿ ಪಂಪಿಗೆ. ಇದು ಎತ್ತುವ ನೀರೇ ಕಡಿಮೆ, ಡಬ್ಬಿಯಲ್ಲಿ ಹಿಡಿಯುವುದೂ ಕಡಿಮೆ. ಆದ್ದರಿಂದ ತಪ್ಪಿಗೆ ಅವಕಾಶವೂ ಕಡಿಮೆ. ನಿಂತರೆ ಕೆಲವೇ ನಿಮಿಷಗಳಲ್ಲಿ ಗೋಡೆ ಒದ್ದೆ.

ಡಬ್ಬಿ ತೆರೆಯುವ ಮುನ್ನ ಫೋನಿನಲ್ಲಿ ಫೋಟೋ ತೆಗೆದಿಡಿ. ತೊಳೆದ ಮೇಲೆ ಫ್ಲೋಟನ್ನು ತಲೆಕೆಳಗಾಗಿ ಹಾಕಿದರೆ ಸೆನ್ಸರಿಗೆ ಆಯಸ್ಕಾಂತ ಸಿಗದೆ ಪಂಪ್ ಓಡುವುದೇ ಇಲ್ಲ. ಸರ್ವೀಸ್ ಮಾಡಿದ ಮರುದಿನ ನೀರು ಸುರಿಯಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಡಬ್ಬಿ ಮಟ್ಟವಾಗಿ ಕೂರಬೇಕು. ಅದರಿಂದ ಮೇಲಕ್ಕೆ ಹೋಗುವ ಗಾಳಿಯ ಕೊಳವೆ ಮಡಚಿದರೆ ನೀರು ಒಳಗೆ ಇಳಿಯದು.

ನೀರಿಲ್ಲದಿದ್ದರೂ ಮಿನಿ ಪಂಪ್ ಕರಕರ ಎನ್ನುತ್ತಲೇ ಇದ್ದರೆ ಹೊರಗಿನ ಪೈಪಿನ ತುದಿ ಎಲ್ಲಿದೆ ನೋಡಿ. ಅದು ಪಂಪಿಗಿಂತ ತುಂಬ ಕೆಳಗಿದ್ದರೆ ನೀರು ತಾನೇ ಎಳೆದುಕೊಂಡು ಸೈಫನ್ ಆಗುತ್ತದೆ, ಪಂಪಿನ ಬಾಯಿಗೆ ಗಾಳಿ ಸೇರಿ ಮುಂದಿನ ಸಲ ನೀರು ಹಿಡಿಯಲು ಒದ್ದಾಡುತ್ತದೆ. ಇದಕ್ಕೆಂದೇ ಸೈಫನ್ ತಡೆಯುವ ಸಣ್ಣ ತುಂಡು ಸಿಗುತ್ತದೆ. ಇಲ್ಲವಾದರೆ ಸಣ್ಣ ಕೊಳವೆಯನ್ನು ಅಗಲವಾದ ಡ್ರೈನ್ ಪೈಪಿನ ಬಾಯೊಳಗೆ ಸಡಿಲವಾಗಿ ಇಳಿಬಿಟ್ಟರೂ ಸಾಕು, ಗಾಳಿ ಸೇರಿ ಸೈಫನ್ ಕಡಿಯುತ್ತದೆ.

ಉಕ್ಕುವ ಮೊದಲೇ ಎಸಿ ನಿಲ್ಲಿಸುವ ಸ್ವಿಚ್

ಬಹುತೇಕ ಪಂಪುಗಳಲ್ಲಿ ಎರಡನೆಯ ಸ್ವಿಚ್ಚೊಂದು ಇರುತ್ತದೆ. ನೀರು ಅಪಾಯದ ಮಟ್ಟಕ್ಕೆ ಏರಿದರೆ ಅದು ತೆರೆದುಕೊಂಡು ಎಸಿಯ ತಂಪು ನಿಲ್ಲಿಸಬೇಕು. ತಂಪು ನಿಂತರೆ ನೀರೂ ನಿಲ್ಲುತ್ತದೆ. ಆದರೆ ಅದರ ಎರಡು ತಂತಿಗಳನ್ನು ಯಾವುದಕ್ಕೂ ಜೋಡಿಸದೆ ಸುತ್ತಿ ಪಂಪಿನ ಪಕ್ಕ ಟೇಪು ಹಾಕಿಟ್ಟಿರುವುದೇ ಹೆಚ್ಚು. ನಿಮ್ಮ ಪಂಪ್ ಉಕ್ಕುವಾಗಲೂ ಎಸಿ ತಣ್ಣಗೆ ಓಡುತ್ತಿತ್ತು ಎಂದಾದರೆ ಆ ತಂತಿಗಳು ಎಲ್ಲಿವೆ ನೋಡಿ. ಪ್ಲಗ್ ತೆಗೆದು, ಆ ತಂತಿಗಳನ್ನು ಸರ್ಕ್ಯೂಟಿನಿಂದ ಬಿಡಿಸಿ, ಮಲ್ಟಿಮೀಟರನ್ನು ಕಂಟಿನ್ಯುಟಿಗಿಟ್ಟು ಎರಡು ತುದಿಗೆ ಹಿಡಿದರೆ ಬೀಪ್ ಬರಬೇಕು. ಫ್ಲೋಟನ್ನು ಪೂರ್ತಿ ಮೇಲೆತ್ತಿದಾಗ ಬೀಪ್ ನಿಲ್ಲಬೇಕು. ಡಕ್ಟ್ ಎಸಿಯಲ್ಲಿ ಇದನ್ನು ಥರ್ಮೋಸ್ಟಾಟಿನ 24 ವೋಲ್ಟ್ ತಂತಿಯ ನಡುವೆ ಸೇರಿಸುತ್ತಾರೆ. ಸ್ಪ್ಲಿಟ್ ಎಸಿಯಲ್ಲಿ ಕಂಪ್ರೆಸರಿನ ಕರೆಂಟನ್ನು ನೇರವಾಗಿ ಈ ಪುಟ್ಟ ಸ್ವಿಚ್ಚಿನ ಮೂಲಕ ಹಾಯಿಸುವಂತಿಲ್ಲ, ರಿಲೇ ಬೇಕಾಗಬಹುದು. ಅದು ಎಲೆಕ್ಟ್ರಿಷಿಯನ್ನರ ಕೆಲಸ.

ಪಂಪಿಗೆ ಕರೆಂಟು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಅವರಿಂದಲೇ ಕೇಳಿ ತಿಳಿಯಿರಿ. ಎಸಿ ಆರಿದಾಗ ಪಂಪೂ ಆರುವಂತಿದ್ದರೆ ಕಾಯಿಲ್‌ನಿಂದ ಇಳಿಯುವ ಕೊನೆಯ ನೀರನ್ನು ಎತ್ತುವವರಿಲ್ಲ. ಪಂಪಿಗೆ ಸದಾ ಕರೆಂಟು ಇರಬೇಕು.

ಲೋಳೆಗೆ ಏನು ಹಾಕಬೇಕು, ಏನು ಹಾಕಬಾರದು

ಈ ನೀರು ಆವಿಯಿಂದ ಬಂದದ್ದು, ಅದರಲ್ಲಿ ಸುಣ್ಣದಂಶ ಇಲ್ಲ. ಆದ್ದರಿಂದ ಗೀಸರಿಗೆ ಮಾಡುವಂತೆ ವಿನೆಗರ್ ಸುರಿದು ಕಾಯುತ್ತಾ ಕೂತರೆ ಹೆಚ್ಚೇನೂ ಆಗದು. ಕಟ್ಟಿರುವುದು ಧೂಳು ತಿಂದು ಬೆಳೆದ ಜೀವಾಣುಗಳ ಪದರ. ಅದಕ್ಕೆ ಉಜ್ಜುವಿಕೆಯೇ ಮದ್ದು. ಉಜ್ಜಿದ ಮೇಲೆ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ ಟ್ಯಾಂಕಿನಲ್ಲಿ ಅರ್ಧ ಗಂಟೆ ಬಿಟ್ಟು ತೊಳೆದರೆ ಮತ್ತೆ ಬೆಳೆಯುವುದು ನಿಧಾನವಾಗುತ್ತದೆ. ಬ್ಲೀಚ್ ಲೋಹದ ಭಾಗಗಳನ್ನು ತಿನ್ನುತ್ತದೆ, ಕಾಯಿಲ್ ಹತ್ತಿರ ಅದು ಬೇಡವೇ ಬೇಡ. ಬ್ಲೀಚನ್ನೂ ವಿನೆಗರನ್ನೂ ಒಂದರ ಹಿಂದೆ ಒಂದು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೆ ಅಪಾಯ.

ಬದಲಿಸಲೇಬೇಕಾದರೆ

ಪೆಟ್ಟಿಗೆಯ ಮೇಲೆ ‘ಗರಿಷ್ಠ ಎತ್ತರ 6 ಮೀಟರ್’ ಎಂದಿದ್ದರೆ 6 ಮೀಟರಿಗೆ ನೀರು ಎತ್ತುತ್ತದೆ ಎಂದಲ್ಲ; ಆ ಎತ್ತರದಲ್ಲಿ ಹರಿವು ಸೊನ್ನೆ ಎಂದು. ನಿಮ್ಮ ಪೈಪಿನ ಅತಿ ಎತ್ತರದ ಬಿಂದುವಿನವರೆಗೆ ಟೇಪ್ ಹಿಡಿದು ಅಳೆದು, ಕೈಪಿಡಿಯ ನಕ್ಷೆಯಲ್ಲಿ ಆ ಎತ್ತರಕ್ಕೆ ಬರೆದಿರುವ ಹರಿವು ನಿಮ್ಮ ಎಸಿಯ ನೀರಿನ ಎರಡರಷ್ಟಾದರೂ ಇದೆಯೇ ನೋಡಿ. ಹಳೆಯ ಪೈಪನ್ನು ಹೊಸ ಪಂಪಿಗೆ ಹಾಕಬೇಡಿ, ಹೊಸ ಪೈಪನ್ನೇ ಎಳೆಯಿರಿ.

ದುರಸ್ತಿಯಾಗಲಿ ಹೊಸದಾಗಲಿ, ಕೊನೆಯ ಪರೀಕ್ಷೆ ಒಂದೇ. ಎಸಿ ಆರಿಸಿಟ್ಟು, ಟ್ಯಾಂಕ್ ಪಂಪಾದರೆ ಟ್ರೇಗೆ 1 ಲೀಟರ್ ನೀರನ್ನು ನಿಧಾನವಾಗಿ ಸುರಿಯಿರಿ. ಮಿನಿ ಪಂಪಾದರೆ ಒಂದು ಲೋಟ ಸಾಕು, ಅದನ್ನೂ ಹತ್ತು ನಿಮಿಷ ತೆಗೆದುಕೊಂಡು ಸುರಿಯಬೇಕು. ಪಂಪ್ ತಾನಾಗಿ ಶುರುವಾಗಬೇಕು, ಹೊರಗೆ ನೀರು ಬೀಳಬೇಕು, ತಾನಾಗಿ ನಿಲ್ಲಬೇಕು, ನಿಂತು ಐದು ನಿಮಿಷವಾದರೂ ಮತ್ತೆ ಓಡಬಾರದು. ಮೂರು ಸಲ ಮಾಡಿ. ಆಮೇಲೆ ಎಸಿ ಹಾಕಿ, ಪಂಪಿನ ಕೆಳಗೆ ಒಣ ಕಾಗದ ಹಾಸಿ ಒಂದು ದಿನ ಬಿಡಿ.